ಕೀಲಿ ಆನ್ ಇತ್ತು

ನನ್ನ ಕಾರಿಗೆ ಏನಾಗಿದೆ ಎಂದು ಆ ಮೆಕ್ಯಾನಿಕ್ ಒಮ್ಮೆಯೂ ನನ್ನನ್ನು ಕೇಳಿದವನಲ್ಲ. ರೋಜಾ ಬಡಾವಣೆಯ ಹತ್ತಿರ ಅವನ ಗ್ಯಾರೇಜು. ಕಾರು ತಂದವಳು ನಾನು, ದಿನಾ ಓಡಿಸುವವಳು ನಾನು, ಅದು ಎಲ್ಲಿ ಕೆಮ್ಮುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಬಲ್ಲವಳೂ ನಾನೇ. ಅವನು ಮಾತ್ರ ಬಾನೆಟ್ಟಿನೊಳಗಿಂದ ಮುಖ ಎತ್ತದೆ, "ಸಾಹೇಬ್ರಿಗಿ ಕಳಸ್ರಿ ಬಾಯಾರ, ಅವರ ಜೋಡಿ ಮಾತಾಡ್ತೀನಿ" ಎನ್ನುತ್ತಿದ್ದ. ಸಾಹೇಬರೆಂದರೆ ನನ್ನ ಗಂಡ. ಅವರಿಗೆ ಬಾನೆಟ್ ತೆರೆಯುವ ಕೊಂಡಿ ಎಲ್ಲಿದೆ ಎಂಬುದೂ ಗೊತ್ತಿಲ್ಲ.

ನನ್ನ ಮನೆ ಕಲಬುರಗಿಯ ಐವಾನ್-ಎ-ಶಾಹಿಯಲ್ಲಿ, ನೌಕರಿ ಕಮಲಾಪುರದ ಹೈಸ್ಕೂಲಿನಲ್ಲಿ. ಏಳು ವರ್ಷ ಬಸ್ಸಿನಲ್ಲಿ ನಿಂತೇ ಹೋದೆ, ನಿಂತೇ ಬಂದೆ. ಕೂಡಲು ಜಾಗ ಸಿಕ್ಕ ದಿನ ನನಗೆ ಹಬ್ಬ. ಆಮೇಲೆ ಕಣ್ಣು ಮಂಜಾದ ಅಪ್ಪ ತನ್ನ ಹಳೆಯ ಕಾರನ್ನು ನನಗೆ ಕೊಟ್ಟ. ಜೊತೆಗೆ ಟೂಲ್ ಡಬ್ಬಿ ಕೊಟ್ಟ, ಅದಕ್ಕೂ ಮೊದಲು ರಿಪೇರಿಯ ವಿದ್ಯೆ ಕೊಟ್ಟಿದ್ದ.

ಆ ಕಾರಿನ ರೋಗವೆಲ್ಲ ಡಿಸ್ಟ್ರಿಬ್ಯೂಟರಿನಲ್ಲಿತ್ತು. ನಾಲ್ಕು ಪ್ಲಗ್ಗುಗಳಿಗೆ ಸರದಿಯ ಮೇಲೆ ಕರೆಂಟು ಹಂಚುವ ಭಾಗ ಅದು. ಅದರೊಳಗೆ ಪಾಯಿಂಟ್ ಎಂಬ ಎರಡು ಸಣ್ಣ ಲೋಹದ ತುಟಿಗಳು ತೆರೆದು ಮುಚ್ಚುತ್ತಿರುತ್ತವೆ. ಅವು ಸುಟ್ಟರೆ, ನಡುವಿನ ಅಂತರ ತಪ್ಪಿದರೆ, ಕಾರು ನಿಂತಿತೆಂದೇ ಲೆಕ್ಕ. ಆ ಅಂತರಕ್ಕೆ ಅಪ್ಪನ ಅಳತೆ ಲಗ್ನಪತ್ರಿಕೆಯ ರಟ್ಟು. ನನ್ನ ಮದುವೆಯಲ್ಲಿ ಉಳಿದ ಪತ್ರಿಕೆಗಳೆಲ್ಲ ಅವನ ಟೂಲ್ ಡಬ್ಬಿ ಸೇರಿದ್ದವು. ಆ ಮದುವೆಯಿಂದ ಕಾರಿಗಾದರೂ ಉಪಯೋಗವಾಯಿತು.

ಆದರೂ ತಿಂಗಳಿಗೊಮ್ಮೆ ಮಹಾಗಾಂವದ ಹತ್ತಿರ, ತೊಗರಿ ಹೊಲದ ಪಕ್ಕದಲ್ಲಿ, ನಾನು ಸೀರೆ ಸಿಕ್ಕಿಸಿಕೊಂಡು ಪಾಯಿಂಟ್ ಉಜ್ಜುವುದು ತಪ್ಪಲಿಲ್ಲ. ಒಂದು ದಿನ ನನ್ನ ಗಂಡ ತೀರ್ಪು ಕೊಟ್ಟರು: "ಇನ್ನೊಮ್ಮೆ ದಾರ್ಯಾಗ ನಿಂತಿತಂದ್ರ ಮಾರಿಬಿಡೂದ. ಗಂಟೆಗೊಂದು ಬಸ್ಸು ಅದಾವ, ಆರಾಮ ಹೋಗು."

ಆರಾಮವಂತೆ! ಏಳು ವರ್ಷ ಆ ಬಸ್ಸಿನಲ್ಲಿ ನಿಂತ ಕಾಲು ಇವರದಲ್ಲವಲ್ಲ. ಆವತ್ತೇ ಓದಲು ಕುಳಿತೆ. ಪಾಯಿಂಟೇ ಇಲ್ಲದ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಸಿಗುತ್ತದೆ ಎಂದು ತಿಳಿಯಿತು. ತರಿಸಿದೆ. ಮೆಕ್ಯಾನಿಕ್ಕನನ್ನು ಕೇಳಿದರೆ, "ಅದೆಲ್ಲ ನಿಮಗ್ಯಾಕ್ರಿ, ಸಾಹೇಬ್ರು ಏನಂತಾರ?" ಎಂದ. ಸಾಹೇಬರು ಪೇಪರ್ ಓದುತ್ತಿದ್ದರು. ಒಂದು ಭಾನುವಾರ ನಾನೇ ಬಾನೆಟ್ ಎತ್ತಿದೆ. ಹಳೆಯದು ಕೂತ ಜಾಗಕ್ಕೆ ಕೆಂಪು ಉಗುರುಬಣ್ಣದಿಂದ ಗುರುತು ಹಾಕಿದೆ, ಅದನ್ನು ಬಿಚ್ಚಿ ಹೊಸದನ್ನು ಕೂರಿಸಿದೆ. ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ತಿರುಗಿಸುತ್ತ ಮಧ್ಯಾಹ್ನ ಕಳೆಯಿತು. ಕೊನೆಗೆ ಎಂಜಿನ್ ಒಂದೇ ಸಮ ಗುನುಗತೊಡಗಿದಾಗ ಕಣ್ಣಲ್ಲಿ ನೀರು ಬಂತು. ಹಳೆಯದನ್ನು ಬಟ್ಟೆಯಲ್ಲಿ ಸುತ್ತಿ ಟೂಲ್ ಡಬ್ಬಿಯ ಜೊತೆ ಡಿಕ್ಕಿಯಲ್ಲಿಟ್ಟೆ.

ಹೊಸದರ ಜೊತೆ ಬಂದ ಚೀಟಿಯಲ್ಲಿ ಒಂದು ಎಚ್ಚರಿಕೆ ಇತ್ತು. ಎಂಜಿನ್ ಓಡದಿರುವಾಗ ತುಂಬ ಹೊತ್ತು ಕೀಲಿ ಆನ್ ಇಟ್ಟರೆ ಒಳಗಿನ ಭಾಗ ಸುಟ್ಟುಹೋಗುತ್ತದೆ. ನಮ್ಮ ಕಾರಿನ ರೇಡಿಯೊ ಕೀಲಿ ಆನ್ ಇದ್ದರೆ ಮಾತ್ರ ಹಾಡುತ್ತದೆ. ಅದಕ್ಕೇ ದೊಡ್ಡ ಅಕ್ಷರದಲ್ಲಿ "ನಿಂತ ಕಾರಿನಲ್ಲಿ ರೇಡಿಯೊ ಹಚ್ಚಬಾರದು" ಎಂದು ಬರೆದು ಸ್ಟೇರಿಂಗಿನ ಪಕ್ಕ ಅಂಟಿಸಿದೆ. ಗಂಡನಿಗೆ ಬಾಯಿಬಿಟ್ಟೂ ಹೇಳಿದೆ. "ಹ್ಞೂ" ಎಂದಿದ್ದರು.

ಐದು ತಿಂಗಳು ಕಾರು ಎಲ್ಲಿಯೂ ನಿಲ್ಲಲಿಲ್ಲ. ಒಂದು ಶನಿವಾರ ಶಾಲೆಯಲ್ಲಿ ಪಾಲಕರ ಸಭೆ ಇತ್ತು. ಕಮಲಾಪುರದ ಕೆಂಪು ಬಾಳೆಹಣ್ಣು ತರಬೇಕೆಂದು ಇವರೂ ಬಂದರು. ಹಣ್ಣು ಕೊಂಡು ಗೇಟಿನ ಮುಂದೆ ಕಾರಿನಲ್ಲಿ ಕುಳಿತರು. ಎರಡು ತಾಸಿನ ಮೇಲೆ ನಾನು ಹೊರಗೆ ಬಂದರೆ ಬಾನೆಟ್ ಕಡೆಯಿಂದ ಸುಟ್ಟ ವಾಸನೆ. ಕೀಲಿ ತಿರುಗಿಸಿದೆ, ಸೆಲ್ಫ್ ಸ್ಟಾರ್ಟರ್ ತಿರುಗಿತು, ಎಂಜಿನ್ ಹಿಡಿಯಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಇವರು ಮೆಕ್ಯಾನಿಕ್ಕನಿಗೆ ಫೋನ್ ಹಚ್ಚಿದ್ದರು. ಅವನ ನಗು ನನಗೂ ಕೇಳಿಸಿತು: "ಮದ್ಲೇ ಹೇಳಿದ್ದಿಲ್ಲೇನ್ರಿ ಸಾಹೇಬ್ರ? ಹೆಣ್ಮಕ್ಳ ಕೈಯಾಗ ಎಂಜಿನ್ ಕೊಟ್ರ ಹಿಂಗೇ ಆಗ್ತದ."

ಇವರು ಫೋನ್ ಇಟ್ಟು, "ನಿಂತಿತಲ್ಲ? ಮಾತು ಅಂದ್ರ ಮಾತು. ಮಾರೂದ" ಎಂದರು.

ರೇಡಿಯೊದಲ್ಲಿ ಹಳೆಯ ಹಾಡು ಇನ್ನೂ ಬರುತ್ತಿತ್ತು. ನಾನು ಬರೆದು ಅಂಟಿಸಿದ್ದ ಚೀಟಿಯ ಕೆಳಗೇ ಬಾಳೆಹಣ್ಣಿನ ಸಿಪ್ಪೆ ಬಿದ್ದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

"ಎಷ್ಟೊತ್ತಿನಿಂದ ಹಾಡು ಕೇಳ್ಲಾಕತ್ತೀರಿ?"

"ನೀ ಒಳಗ ಹೋದಾಗಿಂದ. ಯಾಕ?"

ಚೀಟಿಯನ್ನು ತೋರಿಸಿದೆ. ಓದಿದರು. "ಇಷ್ಟು ನಾಜೂಕಿನ ಸಾಮಾನು ಯಾಕ ಹಾಕಿದಿ ಮತ್ತ?" ಎಂದರು.

ಇನ್ನು ಮಾತಾಡಿದರೆ ಶಾಲೆಯ ಗೇಟಿನಲ್ಲಿ ಮರ್ಯಾದೆ ಉಳಿಯುತ್ತಿರಲಿಲ್ಲ. ಡಿಕ್ಕಿ ತೆರೆದೆ. ಪಾಲಕರು, ಸಹೋದ್ಯೋಗಿಗಳು, ಬಾಳೆಹಣ್ಣಿನ ಗಾಡಿಯವಳು ಎಲ್ಲರೂ ನೋಡುತ್ತಿರುವಾಗಲೇ ಸುಟ್ಟದ್ದನ್ನು ಕಿತ್ತು, ಹಳೆಯದನ್ನು ಉಗುರುಬಣ್ಣದ ಗುರುತಿಗೆ ಸರಿಯಾಗಿ ಕೂರಿಸಿದೆ. ಪಾಯಿಂಟ್ ಉಜ್ಜಿದೆ, ನಮ್ಮ ಲಗ್ನಪತ್ರಿಕೆಯ ತುಂಡನ್ನು ನಡುವೆ ತೂರಿಸಿ ಅಂತರ ನೋಡಿದೆ. ಇವರು ಮರದ ನೆರಳಲ್ಲಿ ಕರ್ಚೀಫಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಮುಕ್ಕಾಲು ತಾಸಿಗೆ ಕಾರು ಚಾಲೂ ಆಯಿತು. ಹಣ್ಣಿನವಳು ಕೈ ತೊಳೆಯಲು ನೀರು ಕೊಟ್ಟು, "ಭೇಷ್ ಮಾಡಿದ್ರಿ ನೋಡ್ರಿ ಬಾಯಾರ" ಎಂದಳು.

ಹೊರಟು ಸ್ವಲ್ಪ ದೂರ ಬಂದಿದ್ದೆವು. ಮೆಕ್ಯಾನಿಕ್ಕನೇ ಫೋನ್ ಮಾಡಿದ. "ಚಾಲೂ ಆತ್ರಿ, ಹಳೇದೇ ಹಾಕೀವಿ" ಎಂದರು ಇವರು. ಅತ್ತ ಕಡೆಯಿಂದ ದೊಡ್ಡ ದನಿ ಬಂತು: "ಶಾಬಾಸ್ ಸಾಹೇಬ್ರ! ದಾರ್ಯಾಗ ನಿಂತು ಮಾಡೂದು ಸಣ್ಣ ಮಾತಲ್ಲ. ನೀವು ಇದ್ರಿ ಅಂತ ಆತು."

ಇವರು ನನ್ನ ಕಡೆ ನೋಡಲಿಲ್ಲ. ಸಣ್ಣಗೆ ನಕ್ಕು, "ಏನಿಲ್ಲ ಬಿಡ್ರಿ, ಅದೇನು ದೊಡ್ಡದು" ಎಂದರು.

ಮಹಾಗಾಂವದ ಬಸ್ ಸ್ಟಾಪಿನ ಮುಂದೆ ಕಾರು ನಿಲ್ಲಿಸಿದೆ. ಎಂಜಿನ್ ಬಂದ್ ಮಾಡಲಿಲ್ಲ.

"ಇಳೀರಿ."

"ಯಾಕ? ಏನಾತು?"

"ಏನೂ ಆಗಿಲ್ರಿ. ಗಂಟೆಗೊಂದು ಬಸ್ಸು ಅದಾವ, ಆರಾಮ ಬರ್ರಿ."

ನಗೆಚಾಟಿಕೆ ಎಂದುಕೊಂಡು ನಗುತ್ತಲೇ ಇಳಿದರು. ಬಾಳೆಹಣ್ಣಿನ ಚೀಲವನ್ನೂ ಕೈಗೆ ಕೊಟ್ಟು ಗೇರ್ ಹಾಕಿದೆ. ಕನ್ನಡಿಯಲ್ಲಿ ಅವರು ಚಿಕ್ಕದಾಗುತ್ತ ಹೋದರು. ನನಗೆ ಪಶ್ಚಾತ್ತಾಪ ಆಗಲಿಲ್ಲ, ಇವತ್ತಿಗೂ ಆಗಿಲ್ಲ.

ಅವರು ಮನೆಗೆ ಬಂದಾಗ ಅಂಗಿ ಬೆವರಿಗೆ ಬೆನ್ನಿಗಂಟಿತ್ತು, ಚೀಲದಲ್ಲಿ ಹಣ್ಣು ಅಪ್ಪಚ್ಚಿಯಾಗಿತ್ತು. ಸೋಫಾದಲ್ಲಿ ಕುಸಿದು, "ಕೂಡ್ಲಾಕ ಜಾಗಾನೇ ಸಿಗಲಿಲ್ಲ, ಪೂರಾ ನಿಂತೇ ಬಂದೆ" ಎಂದರು.

"ನನಗೂ ಸಿಗ್ತಿದ್ದಿಲ್ರಿ" ಎಂದೆ. ಕಾರು ಮಾರುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ.