ಫ್ಯೂಸು ನನ್ನ ಕಿಸೆಯಲ್ಲೇ ಇತ್ತು

ದೆವ್ವವೆಂಬುದು ಮನುಷ್ಯನ ಅಂಜಿಕೆಗೆ ಮನುಷ್ಯನೇ ಇಟ್ಟುಕೊಂಡ ಹೆಸರು ಎಂದು ನಾನು ವೇದಿಕೆಗಳ ಮೇಲೆ ಎಷ್ಟು ಸಲ ಹೇಳಿದ್ದೇನೋ ನೆನಪಿಲ್ಲ. ಧಾರವಾಡದ ಕಾಲೇಜು ದಿನಗಳಲ್ಲಿ ಚರ್ಚಾಸ್ಪರ್ಧೆಗಳಿಂದ ಕಲಿತ ವಾದದ ಕ್ರಮವನ್ನು ದಾಂಡೇಲಿಗೆ ಬಂದ ಮೇಲೆ ಮೂಢನಂಬಿಕೆಯ ವಿರುದ್ಧದ ಕೆಲಸಕ್ಕೆ ಬಳಸಿದೆ. ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳಲ್ಲಿ ನಾನು ಮಾತನಾಡದ ಶಾಲೆಗಳು ಕಡಿಮೆ. ಈಗ ಬರೆಯುತ್ತಿರುವುದನ್ನು ಓದಿ ನನ್ನ ಜೊತೆಗಾರರು ನೊಂದುಕೊಳ್ಳಬಹುದು. ಆದರೆ ಮೂರು ವರ್ಷಗಳಿಂದ ಈ ಸಂಗತಿ ನನ್ನನ್ನು ಸುಮ್ಮನಿರಲು ಬಿಟ್ಟಿಲ್ಲ.

ಮುಂಡಗೋಡ ತಾಲೂಕಿನ ಮಳಗಿಯಿಂದಾಚೆ ಒಂದು ಹಳ್ಳಿ, ಹೆಸರು ಬೇಡ. ಅಲ್ಲಿನ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಶಿವಕ್ಕ ಎಂಬಾಕೆ ಒಂದು ದಿನ ಸಾರು ಕುದಿಯುತ್ತಿದ್ದಾಗಲೇ ಎದೆನೋವೆಂದು ಕುಳಿತವಳು ಮತ್ತೆ ಏಳಲಿಲ್ಲ. ಆಕೆಯ ಕೈಕೆಳಗೆ ಹತ್ತಾರು ವರ್ಷ ದುಡಿದ ಗಂಗವ್ವ ಒಬ್ಬಳೇ ಅಡಿಗೆ ಮುಂದುವರಿಸಿದಳು. ಗಂಡನನ್ನು ಕಳೆದುಕೊಂಡಿದ್ದ ಆಕೆಗೆ ಆ ಕೆಲಸವೊಂದೇ ಆಧಾರ. ಹೀಗಿರುವಾಗ ದೆವ್ವ ಹುಡುಕುವ ವಿಡಿಯೊ ಮಾಡುವ ಮೂವರು ಯುವಕರು ಎಲ್ಲಿಂದಲೋ ಬಂದು, ಅಡಿಗೆಕೋಣೆಯಲ್ಲಿ ದೆವ್ವವನ್ನು ತೋರಿಸುತ್ತದೆಂಬ ಐದು ದೀಪಗಳ ಮೀಟರೊಂದನ್ನು ಹಿಡಿದು, ಶಿವಕ್ಕನನ್ನು ಹೆಸರು ಹಿಡಿದು ಕರೆದರು. ಮೀಟರಿನ ಐದೂ ದೀಪಗಳು ಹೊತ್ತಿಕೊಂಡವು. ವಿಡಿಯೊ ಊರಿನ ಎಲ್ಲ ಮೊಬೈಲುಗಳಿಗೂ ಬಂತು. ಮರುದಿನದಿಂದ ಮಕ್ಕಳು ಮನೆಯಿಂದ ಬುತ್ತಿ ತರತೊಡಗಿದರು. ಅಡಿಗೆಕೋಣೆಗೆ ಬೀಗ ಹಾಕಿ ಪಕ್ಕದ ಊರಿನ ಶಾಲೆಯಿಂದ ಊಟ ತರಿಸುವುದೆಂದು ಶಾಲಾ ಸಮಿತಿಯವರು ಆಲೋಚಿಸಿದರು. ಹಾಗಾದರೆ ಗಂಗವ್ವನ ಕೆಲಸ ಹೋಗುತ್ತಿತ್ತು. ಮುಖ್ಯೋಪಾಧ್ಯಾಯರು ನನ್ನನ್ನು ಕರೆಸಿದರು.

ಅಂಥದೇ ಒಂದು ಮೀಟರು ನನ್ನ ಬಳಿಯೂ ಇತ್ತು. ಅದರ ಗುಟ್ಟು ಸರಳವಾದದ್ದು. ವಿದ್ಯುತ್ ಹರಿಯುವಲ್ಲೆಲ್ಲ ಸುತ್ತಲೂ ಕಾಂತಕ್ಷೇತ್ರ ಇರುತ್ತದೆ. ಅದು ಹೆಚ್ಚಿದಂತೆ ಮೀಟರಿನ ದೀಪಗಳು ಒಂದೊಂದಾಗಿ ಹೊತ್ತುತ್ತವೆ. ಮೊದಲನೆಯ ಹಸಿರು ದೀಪ, ಮೀಟರು ಚಾಲೂ ಇದೆಯೆಂದು ತಿಳಿಸಲು ಸದಾ ಉರಿಯುತ್ತಿರುತ್ತದೆ. ವೈರು, ಮೋಟರು, ಮೊಬೈಲು, ಎಲ್ಲವೂ ಅದರ ಪಾಲಿಗೆ ದೆವ್ವಗಳೇ.

ನಾನು ಹೋದದ್ದು ಹಾಡಹಗಲಿನಲ್ಲಿ, ಊಟದ ಗಂಟೆಗೆ ಸ್ವಲ್ಪ ಮೊದಲು. ಪಾಲಕರು ಬಾಗಿಲಲ್ಲಿ, ಕಿಟಕಿಯಲ್ಲಿ ಕಿಕ್ಕಿರಿದಿದ್ದರು. ಯಾರೂ ತಿನ್ನದಿದ್ದರೂ ಗಂಗವ್ವ ಅಂದೂ ಅನ್ನಕ್ಕಿಟ್ಟಿದ್ದಳು. ಮಿಕ್ಸರು ಓಡಿಸಿ ಮೀಟರನ್ನು ಅದರ ಹತ್ತಿರ ಹಿಡಿದೆ. ಐದೂ ದೀಪ ಹೊತ್ತಿದವು. ಓಡುತ್ತಿದ್ದ ಬೋರ್‌ವೆಲ್ ಮೋಟರಿನ ವೈರು ಹಾಯ್ದ ಗೋಡೆಗೆ ಹಿಡಿದೆ, ಮತ್ತೆ ಐದು.

"ಹಂಗಾರ ನಮ್ಮನ್ಯಾಗಿನ ಮಿಕ್ಸರ್‌ದಾಗೂ ದೆವ್ವ ಐತೇನ್ರಿ?" ಎಂದು ಒಬ್ಬ ಕೇಳಿದ.

"ಮಿಕ್ಸರ್‌ದಾಗ ಎಲ್ಲಿ ಬರ್ತೈತಿ? ಕುಂತು ಉಣ್ಣಾವ್ರ ಮ್ಯಾಲ ಬರ್ತೈತಿ," ಎಂದಳು ಅವನ ಹೆಂಡತಿ. ಜನ ನಕ್ಕರು. ಅಂಜಿಕೆ ಅರ್ಧ ಇಳಿದಿತ್ತು.

ಅನಂತರ ನನ್ನದೂ ಸೇರಿ ಎಲ್ಲರ ಮೊಬೈಲುಗಳನ್ನು ತೆಗೆದುಕೊಂಡು ದೂರದ ಆಫೀಸು ಕೋಣೆಯಲ್ಲಿ ಇರಿಸಿದೆ. ಶಾಲೆಯ ಮೇನ್ ಸ್ವಿಚ್ ಇಳಿಸಿ, ಫ್ಯೂಸು ಕಿತ್ತು ಅಂಗಿಯ ಕಿಸೆಯಲ್ಲಿ ಹಾಕಿಕೊಂಡೆ. ಅಡಿಗೆಕೋಣೆಯ ಮೂಲೆಮೂಲೆಗೂ ಮೀಟರು ಹಿಡಿದು ನಡೆದೆ. ಹಸಿರು ದೀಪವೊಂದರ ಹೊರತು ಮತ್ತೇನೂ ಇಲ್ಲ. ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಕಿಟಕಿಯಲ್ಲಿದ್ದ ಒಬ್ಬ ಮುದುಕಿ ಬಿಡಲಿಲ್ಲ.

"ಆ ಹುಡುಗ್ರು ಹೆಸರು ಹಿಡದು ಕರದ್ರು. ನೀವು ಕರೀಲೇ ಇಲ್ಲಲ್ರಿ ಸರ್?"

ನಾನು ಗಟ್ಟಿಯಾಗಿ, "ಶಿವಕ್ಕ, ಇದ್ದರೆ ದೀಪ ಹಚ್ಚಿ ತೋರಿಸು," ಎಂದೆ. ಏನೂ ಆಗಲಿಲ್ಲ.

"ಆಕಿಗೆ ನಿಮ್ಮ ಗುರ್ತ ಎಲ್ಲೈತ್ರಿ? ಗಂಗವ್ವ ಕರೀಲಿ," ಎಂದಳು ಮುದುಕಿ.

ವಾದದಲ್ಲಿ ಎದುರಾಳಿಗೆ ಒಂದು ಸಂದು ಉಳಿಸಬಾರದೆಂಬ ಹಟ ನನ್ನದು. ಒಪ್ಪಿದೆ. ಗಂಗವ್ವ ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡಳು. ಆಮೇಲೆ ಒಲೆಯ ಕಡೆ ನೋಡುತ್ತ, ದಿನಾ ಕೇಳುತ್ತಿದ್ದ ಮಾತನ್ನೇ ಕೇಳುವವಳಂತೆ ಮೆಲ್ಲಗೆ, "ಅಕ್ಕಾ, ಅನ್ನ ಇಳಸ್ಲೇನ?" ಎಂದಳು.

ಮೀಟರು ನನ್ನ ಅಂಗೈಯಲ್ಲಿತ್ತು. ನನ್ನ ಬೆನ್ನು ಜನರ ಕಡೆಗಿತ್ತು, ಮುಖ ಒಲೆಯ ಬಳಿಯಿದ್ದ ಗಂಗವ್ವನ ಕಡೆಗೆ. ಎರಡನೆಯ ದೀಪ ಹೊತ್ತಿತು. ಮೂರನೆಯದು. ಅವಸರವಿಲ್ಲದೆ, ಒಂದರ ಹಿಂದೊಂದರಂತೆ ಐದೂ ಹೊತ್ತಿ, ಕಂಪಿಸದೆ ನಿಂತವು.

ನಾನು ಮೀಟರನ್ನು ಎದೆಗೆ ಒತ್ತಿಕೊಂಡು ಹೆಬ್ಬೆರಳಿನಿಂದ ಬಟನ್ ಅದುಮಿ ಆರಿಸಿದೆ. ಜನರ ಕಡೆ ತಿರುಗಿದೆ. "ನೋಡಿದಿರಲ್ಲ, ಏನೂ ಇಲ್ಲ," ಎಂದೆ. ನನ್ನ ಧ್ವನಿ ನಡುಗಲಿಲ್ಲ. ಧ್ವನಿ ನಡುಗದಂತೆ ಮಾತನಾಡುವುದನ್ನು ನಾನು ಬಹಳ ವರ್ಷ ಅಭ್ಯಾಸ ಮಾಡಿದ್ದೆ.

ಗಂಗವ್ವ ಒಲೆ ಆರಿಸಿದಳು. "ಏನೂ ಇಲ್ಲಂತ. ತಾಟು ತೊಳಕೊಂಡು ಬರ್ರಿ," ಎಂದು ಮಕ್ಕಳನ್ನು ಕರೆದಳು. ಮಕ್ಕಳು ಬಂದರು, ಉಂಡರು. ಅಡಿಗೆಕೋಣೆಗೆ ಬೀಗ ಬೀಳಲಿಲ್ಲ.

ದಾಂಡೇಲಿಯ ಅಂಬೇವಾಡಿಯಲ್ಲಿರುವ ನನ್ನ ಮನೆಯಲ್ಲಿ ಆ ಮೀಟರನ್ನು ಎಷ್ಟು ಬಗೆಯಲ್ಲಿ ಪರೀಕ್ಷಿಸಿದೆನೆಂದರೆ ಮನೆಯವರು ಬೇಸತ್ತರು. ಬ್ಯಾಟರಿ ಬದಲಿಸಿದೆ. ಬಟ್ಟೆಗೆ ತಿಕ್ಕಿದೆ, ಬಿಸಿ ಪಾತ್ರೆಯ ಬಳಿ ಹಿಡಿದೆ. ಆ ಊರಿನ ಲೈನ್‌ಮನ್‌ನನ್ನು ಹುಡುಕಿ, ಶಾಲೆಗೆ ಬೇರೆ ಲೈನು ಉಂಟೇ ಎಂದು ಕೇಳಿದೆ, ಇಲ್ಲವೆಂದ. ಯಾರಾದರೂ ಒಂದು ಮೊಬೈಲು ಬಚ್ಚಿಟ್ಟುಕೊಂಡಿದ್ದಿರಬಹುದು. ಇದೇ ಹೆಚ್ಚು ಸಂಭವನೀಯವೆಂದು ಇಂದಿಗೂ ವಾದಿಸಬಲ್ಲೆ. ಆದರೆ ಮೊಬೈಲಿನ ಬಳಿ ದೀಪಗಳು ಮಿಣುಕುತ್ತವೆ, ಹಾಗೆ ನಿಲ್ಲುವುದಿಲ್ಲ. ರಜೆಯ ದಿನ ಒಬ್ಬನೇ ಹೋಗಿ ಮತ್ತೆ ಫ್ಯೂಸು ಕಿತ್ತು ನೋಡಿದೆ. ನಾನೇ ಗಂಗವ್ವನ ಆ ಮಾತನ್ನು ಒಲೆಯ ಮುಂದೆ ಹೇಳಿ ನೋಡಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಏನೂ ಆಗಲಿಲ್ಲ.

ಐದು ದೀಪಗಳು ಹೊತ್ತಿದವೆಂದರೆ ಶಿವಕ್ಕ ಬಂದಳೆಂದಲ್ಲ. ಕಾರಣ ತಿಳಿಯದೆಂಬುದಷ್ಟೇ ಅದರ ಅರ್ಥ. ಅಂದು ನಾನು ಜನರಿಗೆ ಹೇಳಬೇಕಾಗಿದ್ದದ್ದೂ ಅಷ್ಟೇ. ಹೇಳಿದ್ದರೆ ಗಂಗವ್ವನ ಕೆಲಸ ಅದೇ ಮಧ್ಯಾಹ್ನ ಹೋಗುತ್ತಿತ್ತು. ಆಕೆಗಾಗಿ ಸುಳ್ಳಾಡಿದೆನೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅದು ಪೂರ್ತಿ ನಿಜವೋ, ಸೋಲಿಗೆ ಅಂಜಿದೆನೋ, ಬಗೆಹರಿದಿಲ್ಲ.

ಕಳೆದ ತಿಂಗಳು ಮುಂಡಗೋಡ ಬಸ್ ನಿಲ್ದಾಣದಲ್ಲಿ ಗಂಗವ್ವ ಸಿಕ್ಕಳು. ಕೆಲಸ ಚೆನ್ನಾಗಿ ನಡೆದಿದೆ ಎಂದಳು. ಕೊನೆಗೆ ಕೇಳಿಬಿಟ್ಟೆ: "ಅವತ್ತು ನೀವು ಆ ದೀಪ ನೋಡಿದಿರೇನ್ರಿ?"

"ದೀಪಾ ನೋಡಲಿಲ್ರಿ ಸರ್," ಎಂದಳು. ನನ್ನ ಉಸಿರು ಹಗುರಾಯಿತು. ಆಕೆ ಚೀಲ ಎತ್ತಿಕೊಂಡು, ಮಳಗಿ ಬಸ್ಸಿನ ಕಡೆ ಒಂದು ಹೆಜ್ಜೆ ಇಟ್ಟು ತಿರುಗಿದಳು. "ನಾ ನಿಮ್ಮ ಮಾರಿ ನೋಡಿದೆ. ಅಷ್ಟ ಸಾಕಾತ್ರಿ ನನಗ."