ನೀರಿಗೆ ಬಂದ ಕೊರೊನಾ

ಉಪ್ಪಾರಹಳ್ಳಿಯಿಂದ ಬಂದ ಚರಂಡಿ ನೀರಿನ ಬಾಟಲಿಗಳನ್ನು ಮೊನ್ನೆ ಬ್ಲೀಚಿಂಗ್ ನೀರಿನಿಂದ ಒರೆಸುತ್ತಿದ್ದೆ. ಕಾಯಿಲೆಯವರು ಆಸ್ಪತ್ರೆಗೆ ಬರುವ ಮೊದಲೇ ಚರಂಡಿಯಲ್ಲಿ ವೈರಸ್ಸಿನ ಸುಳಿವು ಸಿಗುತ್ತದಲ್ಲ, ಈಗ ನಮ್ಮ ಸಂಶೋಧನೆ ಅದರದ್ದೇ. ಬ್ಲೀಚಿಂಗ್ ಘಾಟು ಮೂಗಿಗೆ ಹೊಡೆದದ್ದೇ ತಡ, ಹಳೆಯ ಲ್ಯಾಬಿನ ಸಾರ್ ನೆನಪಾದರು.

ಕೊರೊನಾ ಜೋರಾಗಿದ್ದ ದಿನಗಳು. ತುಮಕೂರಿನ ಒಂದು ಲ್ಯಾಬಿನಲ್ಲಿ ಅವರು ಮುಖ್ಯಸ್ಥರು, ನಾನು ಹೊಸಬಳು. ಭಾರೀ ಹಠಮಾರಿ ಮನುಷ್ಯ. ಪ್ರತಿ ಬ್ಯಾಚಿನಲ್ಲೂ ಜನರ ಸ್ಯಾಂಪಲ್ಲುಗಳ ಜೊತೆ ಬರೀ ಶುದ್ಧ ನೀರಿನ ಒಂದು ಟ್ಯೂಬನ್ನೂ ಮೆಷಿನ್ನಿಗೆ ಇಡುತ್ತಿದ್ದೆವು. ಆ ನೀರು ನೆಗೆಟಿವ್ ಬರಲೇಬೇಕು. ಬರಲಿಲ್ಲವೆಂದರೆ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ, ಇಡೀ ಬ್ಯಾಚ್ ರದ್ದು.

ಆ ದಿನದ ಬ್ಯಾಚಿನಲ್ಲಿ ನನ್ನ ಅಮ್ಮನ ಸ್ಯಾಂಪಲ್ಲೂ ಇತ್ತು. ಗುಬ್ಬಿಯ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ನೆಗೆಟಿವ್ ರಿಪೋರ್ಟ್ ಕೊಟ್ಟರೆ ಅಂದೇ ಆಪರೇಷನ್. ಟ್ಯೂಬುಗಳನ್ನು ತುಂಬಿದವಳು ನಾನೇ. ಮಧ್ಯೆ ಮಧ್ಯೆ ಗಡಿಯಾರ ನೋಡುತ್ತಿದ್ದೆ...

ಫಲಿತಾಂಶ ಬಂತು. ಅಮ್ಮ ನೆಗೆಟಿವ್. ನೀರು ಪಾಸಿಟಿವ್!

"ಸಾರ್, ಅಮ್ಮಂದು ನೆಗೆಟಿವ್ ಇದೆಯಲ್ಲ, ಅದೊಂದು ಕೊಟ್ಬಿಡಿ. ನೋವಲ್ಲಿ ಒದ್ದಾಡ್ತಾವ್ರೆ" ಎಂದೆ.

"ನೀರಿಗೇ ಕೊರೊನಾ ಬಂದೈತೆ ಕಣಮ್ಮ, ಇನ್ನು ಯಾವುದನ್ನ ನಂಬ್ಲಿ? ಎಲ್ಲಾ ಮೊದಲಿಂದ ಮಾಡು. ನಾನೂ ಪಕ್ಕದಲ್ಲೇ ಕೂತಿರ್ತೀನಿ."

ಕರುಳೇ ಇಲ್ಲದ ಮನುಷ್ಯ ಎಂದು ಮನಸ್ಸಿನಲ್ಲೇ ಚೆನ್ನಾಗಿ ಬೈದೆ. ಅವರು ಸ್ಟೂಲಿನ ಮೇಲೆ ಕೂತು ಸ್ಯಾಂಪಲ್ಲುಗಳ ಮೇಲಿನ ಹೆಸರಿನ ಚೀಟಿ ಒಂದೊಂದನ್ನೇ ಗಟ್ಟಿಯಾಗಿ ಓದಿದರು, ನಾನು ತುಂಬಿದೆ. ಈ ಸಲ ನೀರು ನೆಗೆಟಿವ್, ಅಮ್ಮ ಪಾಸಿಟಿವ್. ಮೊದಲ ಸಲ ಗಾಬರಿಯಲ್ಲಿ ಅಮ್ಮನ ಜಾಗಕ್ಕೆ ನೀರನ್ನು, ನೀರಿನ ಜಾಗಕ್ಕೆ ಅಮ್ಮನ ಸ್ಯಾಂಪಲ್ಲನ್ನು ಹಾಕಿದ್ದೆ. ಮರುದಿನವೇ ಅಮ್ಮನಿಗೆ ಉಸಿರಾಟದ ತೊಂದರೆ ಶುರುವಾಯಿತು. ಸಾರ್ ನನ್ನ ಮಾತು ಕೇಳಿದ್ದರೆ ಆ ಹೊತ್ತಿಗೆ ಆಪರೇಷನ್ ಮುಗಿದಿರುತ್ತಿತ್ತು. ಆಮೇಲೆ ಏನಾಗುತ್ತಿತ್ತೋ, ಯೋಚಿಸಲು ಇಂದಿಗೂ ಭಯ.

ಸಾರ್ ಬೈಯಲಿಲ್ಲ. ತಪ್ಪುಗಳನ್ನು ಬರೆದಿಡುವ ನೋಟ್‌ಬುಕ್ ಮುಂದಿಟ್ಟು, "ನಿನ್ ಹೆಸರು ಹಾಕೇ ಬರಿ. ಮುಂದೆ ಬರೋರು ಓದ್ಲಿ" ಎಂದರು. ಹಿಂದಿನ ಪುಟ ತಿರುವಿದೆ. ಅವರದೇ ಮೂರು ತಪ್ಪುಗಳಿದ್ದವು, ಅವರದೇ ಅಕ್ಷರದಲ್ಲಿ...

ಅಮ್ಮ ಚೇತರಿಸಿಕೊಂಡ ಮೇಲೆ ಆಪರೇಷನ್ನೂ ಆಯಿತು. ಈಗಲೂ ಶುದ್ಧ ನೀರಿನ ಟ್ಯೂಬು ಪಾಸಿಟಿವ್ ಬಂದರೆ ನಾನು ಎರಡನೇ ಮಾತಿಲ್ಲದೆ ಬ್ಯಾಚ್ ರದ್ದು ಮಾಡುತ್ತೇನೆ. ಲ್ಯಾಬಿನವರು ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ. ಕೆಲಸ ಚೆನ್ನಾಗಿಯೇ ಕಲಿತಿದ್ದೇನೆ. ಕಲಿಸಿದವರಿಗೆ ಅದನ್ನು ಒಮ್ಮೆಯೂ ಹೇಳಲಿಲ್ಲ. ನಿವೃತ್ತರಾಗಿ ಅಮೃತೂರಿಗೆ ಹೋಗಿದ್ದವರು ಕಳೆದ ತಿಂಗಳು ತೀರಿಕೊಂಡರು.

ಸುದ್ದಿ ಕೇಳಿ ನಾನು ಬ್ಯಾಗು ಹುಡುಕುವಷ್ಟರಲ್ಲಿ ಅಮ್ಮ ಚಪ್ಪಲಿ ಮೆಟ್ಟಿಕೊಂಡು, ಸ್ವಲ್ಪ ಕುಂಟುತ್ತಾ, ಗೇಟಿನ ಹತ್ತಿರ ಹೋಗಿ ನಿಂತಿದ್ದರು.

"ಬೇಗ ನಡಿಯೇ. ಆ ಪುಣ್ಯಾತ್ಮನ ಮುಖನ ನಾನು ಒಂದ್ಸಲನೂ ನೋಡ್ಲಿಲ್ಲ."