ಓಟೋ ವೈಲ್ ತಾವಾಗಿ ಬಿಟ್ಟವರಲ್ಲ

1997ರಲ್ಲಿ ನಾನು ವರ್ಜೀನಿಯಾದ ಹರ್ನ್‌ಡನ್‌ನಲ್ಲಿದ್ದೆ. ಜರ್ಮನ್‌ನಿಂದ ಇಂಗ್ಲಿಷಿಗೆ ಭಾಷಾಂತರ ಮಾಡುವುದು ನನ್ನ ವೃತ್ತಿ. ಬೆಂಗಳೂರಿನ ಕಾಲೇಜೊಂದರಲ್ಲಿ ಆರು ವರ್ಷ ಜರ್ಮನ್ ಕಲಿಸಿದ್ದೆ. ಗ್ರೀನ್ ಕಾರ್ಡ್ ಬಂದ ಮೇಲೆ ಇಲ್ಲಿನ ಪರೀಕ್ಷೆ ಪಾಸು ಮಾಡಿಕೊಂಡು, ನಮ್ಮ ಊರಿನಲ್ಲೇ ಇದ್ದ ಒಂದು ಏಜೆನ್ಸಿಗೆ ಕಾಂಟ್ರಾಕ್ಟ್ ಮೇಲೆ ದುಡಿಯುತ್ತಿದ್ದೆ. ಜನನ ಪತ್ರ, ಉಯಿಲು, ಯಂತ್ರಗಳ ಕೈಪಿಡಿ, ಹೀಗೆ ಬಂದದ್ದೆಲ್ಲ ಮಾಡುತ್ತಿದ್ದೆ. ಇವುಗಳಲ್ಲಿ ಕೆಲವಕ್ಕೆ ‘ಸರ್ಟಿಫೈಡ್’ ಭಾಷಾಂತರ ಬೇಕಾಗುತ್ತದೆ. ಅಂದರೆ ಕೊನೆಯ ಪುಟದಲ್ಲಿ, ಇದು ಪೂರ್ಣ ಮತ್ತು ನಿಷ್ಠ ಭಾಷಾಂತರ ಎಂದು ಭಾಷಾಂತರಕಾರ ತನ್ನ ಹೆಸರು ಬರೆದು ಸಹಿ ಹಾಕಬೇಕು. ಜನವರಿಯಿಂದ ನನ್ನನ್ನು ಖಾಯಂ ಮಾಡಿಕೊಳ್ಳುವುದಾಗಿ ಏಜೆನ್ಸಿ ಹೇಳಿತ್ತು.

ಆ ಆಗಸ್ಟ್‌ನಲ್ಲಿ ಒಂದು ನಲವತ್ತೆಂಟು ಪುಟದ ಪುಸ್ತಿಕೆ ಬಂತು. ದಕ್ಷಿಣ ಕೆರೊಲೈನಾದ ಒಂದು ಊರಿನಲ್ಲಿ ಜರ್ಮನ್ ಕಂಪನಿಯ ಕಾರ್ಖಾನೆ ತೆರೆಯುತ್ತಿತ್ತು. ಆ ಸಂಭ್ರಮಕ್ಕೆ ಕಂಪನಿಯ ತವರೂರಿನ ಫುಟ್‌ಬಾಲ್ ಕ್ಲಬ್ ಬಂದು ಅಕ್ಟೋಬರ್‌ನಲ್ಲಿ ಸ್ನೇಹಪಂದ್ಯ ಆಡುವುದೆಂದು ನಿಶ್ಚಯವಾಗಿತ್ತು. ಪುಸ್ತಿಕೆ ಆ ಕ್ಲಬ್ಬಿನ ಇತಿಹಾಸ; ಅದನ್ನು ಇಂಗ್ಲಿಷಿಗೆ ಮಾಡಿಸುತ್ತಿದ್ದುದು ಆ ಕಂಪನಿ.

ಅದರಲ್ಲಿ ಹನ್ನೊಂದು ಪುಟ ‘ಗೌಲೀಗಾ’ ಕಾಲದ್ದು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಜರ್ಮನಿಯ ಫುಟ್‌ಬಾಲನ್ನೂ ಹೊಸದಾಗಿ ವಿಂಗಡಿಸಿದರು. ಹಳೆಯ ಸ್ಥಳೀಯ ಲೀಗುಗಳನ್ನು ರದ್ದು ಮಾಡಿ ದೇಶಕ್ಕೆಲ್ಲ ಹದಿನಾರು ಪ್ರಾಂತೀಯ ಲೀಗ್ ಮಾಡಿದರು. ‘ಗೌ’ ಅಂದರೆ ಪ್ರಾಂತ್ಯ. ನಾಜಿ ಪಕ್ಷ ತನ್ನ ಆಡಳಿತಕ್ಕೂ ಅದೇ ಪದ ಇಟ್ಟುಕೊಂಡಿತ್ತು. ಈ ಕ್ಲಬ್ ಬಾಡೆನ್ ಪ್ರಾಂತ್ಯದ್ದು. ಪುಸ್ತಿಕೆಯಲ್ಲಿ ಗೆಲುವು, ಸೋಲು, ಗೋಲುಗಳ ಪಟ್ಟಿ ಎಲ್ಲವೂ ಅಚ್ಚುಕಟ್ಟಾಗಿತ್ತು. ಉಳಿದದ್ದಕ್ಕೆ ಒಂದೇ ವಾಕ್ಯ: ‘1933ರ ವಸಂತದಲ್ಲಿ ಕೆಲವು ಆಟಗಾರರು ಕ್ಲಬ್ಬಿನಿಂದ ಔಸ್‌ಗೆಶೀಡನ್.’ ಆ ಪದಕ್ಕೆ ಬಿಟ್ಟುಹೋದರು, ನಿವೃತ್ತರಾದರು ಎಂದು ಅರ್ಥ. ನಾನು ‘ಕ್ಲಬ್ ಬಿಟ್ಟರು’ ಎಂದು ಬರೆದೆ. ಯಾಕೆ ಬಿಟ್ಟರು ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಪದಕ್ಕೆ ಪದ ಸರಿಯಾಗಿತ್ತು. ಕಳಿಸಿಬಿಟ್ಟೆ.

ಮೂರು ವಾರದ ಮೇಲೆ ಅದೇ ಕೆಲಸದ ಬಾಬತ್ತು ಎಂದು ಒಂದು ತೆಳು ಲಕೋಟೆ ಬಂತು. ಕೆರೊಲೈನಾದ ಆ ಕಾರ್ಖಾನೆಯ ಊರಿನಲ್ಲಿ ಓಟೋ ವೈಲ್ ಎಂಬ ಎಂಬತ್ನಾಲ್ಕು ವರ್ಷದ ಯಹೂದಿ ವೃದ್ಧರಿದ್ದರು. ನಲವತ್ತು ವರ್ಷ ಗಡಿಯಾರ ರಿಪೇರಿ ಅಂಗಡಿ ನಡೆಸಿದವರು. ಕ್ಲಬ್ ಬರುವ ಸುದ್ದಿಯನ್ನೂ ಪುಸ್ತಿಕೆಯಿಂದ ಆಯ್ದು ಹಾಕಿದ್ದ ಭಾಗವನ್ನೂ ಪೇಪರಿನಲ್ಲಿ ಓದಿ ಅವರು ಸ್ವಾಗತ ಸಮಿತಿಗೆ ಬರೆದಿದ್ದರು. ತಾನು ಅದೇ ಕ್ಲಬ್ಬಿನ ಎಡಬದಿಯ ಫಾರ್ವರ್ಡ್ ಆಗಿದ್ದೆ, ತಾನಾಗಿ ಬಿಟ್ಟವನಲ್ಲ, ಪುಸ್ತಿಕೆಯಲ್ಲಿ ಆ ವಾಕ್ಯವನ್ನು ತಿದ್ದಬೇಕು ಎಂಬುದಷ್ಟೇ ಅವರ ಬೇಡಿಕೆ. ಸಾಕ್ಷಿಗೆ ಎರಡು ಕಾಗದ ಇಟ್ಟಿದ್ದರು. ಒಂದು ಫೋಟೋ ಇದ್ದ ಆಟಗಾರನ ಪಾಸು. ಇನ್ನೊಂದು 1933ರ ಏಪ್ರಿಲ್‌ನಲ್ಲಿ ಕ್ಲಬ್ ಬರೆದ ನಾಲ್ಕು ಸಾಲಿನ ಪತ್ರ: ನೀವು ಯಹೂದಿಯಾದ್ದರಿಂದ ನಿಮ್ಮ ಹೆಸರನ್ನು ಸದಸ್ಯರ ಪಟ್ಟಿಯಿಂದ ಹೊಡೆದುಹಾಕಲಾಗಿದೆ, ಕ್ಲಬ್ಬಿನ ಜರ್ಸಿಯನ್ನು ಒಂದು ವಾರದೊಳಗೆ ಹಿಂದಿರುಗಿಸತಕ್ಕದ್ದು.

ಪತ್ರದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಹಳೆಯ ಜರ್ಮನ್ ಮೋಡಿ ಅಕ್ಷರದ ಒಂದು ಸಾಲಿತ್ತು. ಅರ್ಧ ಅಳಿಸಿಹೋಗಿತ್ತು. ಏಜೆನ್ಸಿಯ ಅನುಮತಿ ಪಡೆದು ವೈಲ್ ಅವರಿಗೆ ಫೋನ್ ಮಾಡಿದೆ. ಜರ್ಮನ್‌ನಲ್ಲಿ ಮಾತಾಡುತ್ತೇನೆಂದು ಗೊತ್ತಾದ ಮೇಲೆ ಅವರೂ ನಿಧಾನವಾಗಿ ಜರ್ಮನ್‌ಗೆ ಬಂದರು.

“ಅದು ನಮ್ಮಮ್ಮನ ಅಕ್ಷರ,” ಎಂದರು. “‘ಜರ್ಸಿ ಒಂದು, ಒಗೆದು ಇಸ್ತ್ರಿ ಮಾಡಿ ಕೊಟ್ಟಿದ್ದೇನೆ’ ಅಂತ ಬರೆದಿದ್ದಾಳೆ. ನಾಳೆ ಕೊಳಕು ಕೊಟ್ಟರು ಅಂತ ಯಾರೂ ಹೇಳಬಾರದು ಅನ್ನೋಳು.”

“ಪತ್ರ ತಂದುಕೊಟ್ಟವರು ಯಾರು?”

“ನಮ್ಮ ಕ್ಯಾಪ್ಟನ್. ನನ್ನ ಜೊತೆ ಶಾಲೆಗೆ ಹೋದವನು. ಒಳಗೆ ಬಾ ಅಂದೆ. ಬರಲಿಲ್ಲ. ಆಗ ಯಾವ ಕಾನೂನೂ ಹೀಗೆ ಮಾಡಿ ಅಂತ ಹೇಳಿರಲಿಲ್ಲ, ತಿಳೀತಾ? ಕೇಳೋ ಮೊದಲೇ ಮಾಡಿದರು.”

ಅವರು ಹೇಳಿದ್ದು ನಿಜ. ದಕ್ಷಿಣ ಜರ್ಮನಿಯ ಎಷ್ಟೋ ಕ್ಲಬ್ಬುಗಳು ಆ ಏಪ್ರಿಲ್‌ನಲ್ಲೇ ತಾವಾಗಿ ಮುಂದೆ ಬಂದು ಯಹೂದಿ ಸದಸ್ಯರನ್ನು ಹೊರಹಾಕಿದ್ದವು. ವೈಲ್ 1937ರಲ್ಲಿ ಅಮೆರಿಕಕ್ಕೆ ಬಂದರು. ತಾಯಿ ಬರಲಿಲ್ಲ. 1940ರ ಅಕ್ಟೋಬರ್‌ನಲ್ಲಿ ಬಾಡೆನ್‌ನ ಯಹೂದಿಗಳನ್ನು ರೈಲಿನಲ್ಲಿ ತುಂಬಿ ಫ್ರಾನ್ಸಿನ ಶಿಬಿರವೊಂದಕ್ಕೆ ಸಾಗಿಸಿದರು. ಆ ರೈಲಿನಲ್ಲಿ ಆಕೆ ಇದ್ದರು. ಚಳಿಗಾಲ ದಾಟಲಿಲ್ಲ.

ಎರಡು ಕಾಗದವನ್ನೂ ಭಾಷಾಂತರಿಸಿ, ಪೆನ್ಸಿಲ್ ಸಾಲನ್ನೂ ಸೇರಿಸಿ, ಸಹಿ ಹಾಕಿ ಕಳಿಸಿದೆ. ಮಾರನೆಯ ದಿನ ಏಜೆನ್ಸಿಯ ಪ್ರಾಜೆಕ್ಟ್ ಮ್ಯಾನೇಜರ್ ಪ್ರಭಾಕರ್ ಫೋನ್ ಮಾಡಿದ. ಮೈಸೂರಿನ ಹುಡುಗ, ಒಳ್ಳೆಯವನು. ಅವನ ವೀಸಾ ಅದೇ ಏಜೆನ್ಸಿಯ ಕೈಯಲ್ಲಿತ್ತು.

“ಮೇಡಂ, ಟ್ರಾನ್ಸ್‌ಲೇಷನ್ ತುಂಬಾ ಚೆನ್ನಾಗಿದೆ. ಒಂದೇ ಒಂದು ಲೈನ್. ‘ಸ್ಟ್ರಕ್ ಆಫ್’ ಅನ್ನೋದು ಹಾರ್ಶ್ ಆಯ್ತು ಅಂತ ಕ್ಲೈಂಟ್ ಫೀಲ್ ಮಾಡ್ತಿದಾರೆ. ‘ಮೆಂಬರ್‌ಶಿಪ್ ಎಂಡೆಡ್’ ಅಂತ ಮಾಡ್ಬಿಡೋಣ್ವಾ?”

“ಜರ್ಮನ್‌ನಲ್ಲಿ ಹಾಗಿಲ್ವಲ್ಲ, ಪ್ರಭಾಕರ್.”

“ಅರ್ಥ ಹತ್ತತ್ರ ಅದೇ ತಾನೆ ಮೇಡಂ? ಒಂದು ಸಾಕರ್ ಕ್ಲಬ್ ವಿಷ್ಯ. ಅರವತ್ತು ವರ್ಷದ ಹಿಂದಿಂದು.”

“ಹತ್ತಿರಾನೂ ಇಲ್ಲ. ಮೆಂಬರ್‌ಶಿಪ್ ತಾನಾಗೇ ಎಂಡ್ ಆಗ್ಲಿಲ್ಲ. ಒಬ್ರು ಪೆನ್ ತಗೊಂಡು ಹೆಸರು ಹೊಡೆದುಹಾಕಿದ್ರು. ಕೆಳಗೆ ಸೈನ್ ಕೂಡ ಮಾಡಿದಾರೆ.”

“ಜನವರಿ ಪೊಸಿಷನ್ ಬಗ್ಗೆ ನಾನೇ ಮೇಲಿನವರ ಹತ್ರ ಮಾತಾಡ್ತಿದೀನಿ, ಮೇಡಂ. ಇಂಥ ಟೈಮಲ್ಲಿ ಹೀಗಾದ್ರೆ ನಂಗೂ ಕಷ್ಟ ಆಗತ್ತೆ,” ಎಂದ.

“ನೀವೇ ಬದಲಾಯಿಸಿ, ನಿಮ್ಮ ಹೆಸರಲ್ಲಿ ಸೈನ್ ಮಾಡಿ. ನನ್ನ ಹೆಸರಲ್ಲಿ ಅದು ಹೋಗಲ್ಲ.”

ಫೋನ್ ಇಟ್ಟೆ. ಸಿಟ್ಟು ಕ್ಲೈಂಟ್ ಮೇಲೆ ಮಾತ್ರ ಇರಲಿಲ್ಲ. ಪುಸ್ತಿಕೆಯ ಆ ಸುಳ್ಳನ್ನು ಚೊಕ್ಕ ಇಂಗ್ಲಿಷಿನಲ್ಲಿ ಕೆರೊಲೈನಾಕ್ಕೆ ಮುಟ್ಟಿಸಿದವಳು ನಾನೇ. ಅದಕ್ಕೊಂದು ಟಿಪ್ಪಣಿ ಸೇರಿಸಿ ಎಂದು ಏಜೆನ್ಸಿಗೆ ಅಂದೇ ಬರೆದೆ. ಉತ್ತರ ಬರಲಿಲ್ಲ. ನನ್ನ ಭಾಷಾಂತರವನ್ನು ಕೈಬಿಟ್ಟು, ವೈಲ್ ಅವರ ಕಾಗದಗಳನ್ನು ಅವರಿಗೇ ವಾಪಸು ಕಳಿಸಿದರೆಂದು ತಿಳಿಯಿತು. ಪುಸ್ತಿಕೆ ಇದ್ದಂತೆಯೇ ಅಚ್ಚಾಯಿತು.

ಸೆಪ್ಟೆಂಬರ್ ಕೊನೆಯಲ್ಲಿ ವೈಲ್ ಅವರೇ ಫೋನ್ ಮಾಡಿದರು. “ಆ ಕಾಗದ ನನ್ನದು. ಅದನ್ನು ನನಗಾಗಿ ಭಾಷಾಂತರ ಮಾಡಿ ಸಹಿ ಹಾಕಿಕೊಡ್ತೀರಾ?” ಏಜೆನ್ಸಿಯ ಮೂಲಕ ಬಂದವರಿಗೆ ನೇರವಾಗಿ ಕೆಲಸ ಮಾಡಬಾರದೆಂದು ನನ್ನ ಕಾಂಟ್ರಾಕ್ಟಿನಲ್ಲಿತ್ತು. ಆ ಸಂಜೆ ಯಜಮಾನರಿಗೆ ಹೇಳಿದೆ.

“ಮಾಡಿದ್ರೆ ಏಜೆನ್ಸಿ ಕೆಲಸ ಹೋಗತ್ತೆ ಕಣೇ,” ಎಂದರು.

“ಗೊತ್ತು ರೀ.”

“ಹಾಗಾದ್ರೆ ಪೋಸ್ಟ್ ಮಾಡ್ಬೇಡ. ಅಷ್ಟು ದೂರ ನೀನೊಬ್ಳೇ ಹೋಗ್ಬೇಡ, ನಾನೇ ಡ್ರೈವ್ ಮಾಡ್ತೀನಿ. ಕೈಯಲ್ಲೇ ಕೊಟ್ಟು ಬರೋಣ.”

ಪಂದ್ಯದ ಹಿಂದಿನ ದಿನ ಎಂಟು ಗಂಟೆ ಪ್ರಯಾಣ ಮಾಡಿ ಆ ಊರು ಸೇರಿದೆವು. ವೈಲ್ ಗಿಡ್ಡ ಆಳು, ನೆಟ್ಟಗೆ ನಿಲ್ಲುವವರು. ನನ್ನ ಭಾಷಾಂತರವನ್ನು ನಿಂತೇ ಎರಡು ಸಲ ಓದಿದರು. ಆಮೇಲೆ ಟೋಪಿ ಹಾಕಿಕೊಂಡು, “ಹತ್ತಿರದಲ್ಲೇ ಜೆರಾಕ್ಸ್ ಅಂಗಡಿ ಇದೆ,” ಎಂದರು. ಮುಂಬದಿಯಲ್ಲಿ ಇಂಗ್ಲಿಷ್, ಹಿಂಬದಿಯಲ್ಲಿ ಮೂಲ ಪತ್ರ. ಮುನ್ನೂರು ಪ್ರತಿ ತೆಗೆಸಿದೆವು.

ಶನಿವಾರ ಮಧ್ಯಾಹ್ನ ಹೈಸ್ಕೂಲ್ ಮೈದಾನದ ಗೇಟಿನ ಹೊರಗೆ ಫುಟ್‌ಪಾತಿನ ಮೇಲೆ ನಿಂತೆವು. ನಾನು ರೇಷ್ಮೆ ಸೀರೆ ಉಟ್ಟಿದ್ದೆ. ಪಂದ್ಯಕ್ಕೆ ಬಂದವರು ಯಾವುದೋ ಸಾಂಸ್ಕೃತಿಕ ಕಾರ್ಯಕ್ರಮವೆಂದುಕೊಂಡು ನಗುತ್ತಾ ಕಾಗದ ತೆಗೆದುಕೊಂಡರು. ಎರಡು ಹೆಜ್ಜೆ ಹೋದ ಮೇಲೆ ನಿಂತು ಓದಿದರು. ಕೆಲವರು ತಿರುಗಿ ಬಂದು ವೈಲ್ ಅವರ ಕೈ ಕುಲುಕಿದರು. ಒಬ್ಬಾಕೆ ಕಾಗದವನ್ನು ನನ್ನ ಕಾಲ ಬಳಿ ಬಿಸಾಡಿ ಹೋದರು. ವೈಲ್ ಬಗ್ಗಿ ಅದನ್ನೆತ್ತಿ, ಮಣ್ಣು ಒರೆಸಿ, ಮುಂದಿನವರಿಗೆ ಕೊಟ್ಟರು.

ಹತ್ತು ನಿಮಿಷದಲ್ಲಿ ಕಾರ್ಖಾನೆಯ ಪ್ರಚಾರಾಧಿಕಾರಿ ಒಬ್ಬ ಪೊಲೀಸನನ್ನು ಕರೆದುಕೊಂಡು ಬಂದ. ಅತಿಥಿಗಳಿಗೆ ಅವಮಾನವಾಗುತ್ತಿದೆ, ಇವರನ್ನು ಕಳಿಸಿ ಎಂದ. ಪೊಲೀಸ್ ವೈಲ್ ಅವರ ಕೈಯಿಂದ ಒಂದು ಪ್ರತಿ ತೆಗೆದುಕೊಂಡು ಸಾವಕಾಶವಾಗಿ ಓದಿದ. “ಇದು ನಿಜಾನಾ?” ಎಂದು ನನ್ನನ್ನು ಕೇಳಿದ.

“ಕೆಳಗಿರೋ ಸಹಿ ನನ್ನದು,” ಎಂದೆ. “ಒಂದು ಪದ ತಪ್ಪಿದ್ದರೂ ನನ್ನ ಸರ್ಟಿಫಿಕೇಟ್ ಕಿತ್ತುಕೊಳ್ಳಬಹುದು.”

ಅವನು ಅಧಿಕಾರಿಯ ಕಡೆ ತಿರುಗಿ, “ಫುಟ್‌ಪಾತ್ ಊರಿನದು ಸರ್. ಇವರು ದಾರಿಗೆ ಅಡ್ಡ ನಿಂತಿಲ್ಲ,” ಎಂದು ಹೊರಟುಹೋದ.

ಅಷ್ಟರಲ್ಲಿ ಜರ್ಮನ್ ತಂಡದ ಬಸ್ಸು ಬಂತು. ಹುಡುಗರೆಲ್ಲ ಒಂದೊಂದು ಕಾಗದ ತೆಗೆದುಕೊಂಡರು. ಕೊನೆಗೆ ಇಳಿದ ಕ್ಲಬ್ಬಿನ ಕಾರ್ಯದರ್ಶಿ, ಅರವತ್ತರ ಆಸುಪಾಸಿನವರು, ಹಿಂಬದಿಯ ಜರ್ಮನ್ ಪತ್ರ ಓದಿದರು. ಕೆಳಗಿನ ಸಹಿಯ ಮೇಲೆ ಅವರ ಹೆಬ್ಬೆರಳು ನಿಂತಿತು.

“ಈ ಪತ್ರ ನಮ್ಮ ಕಚೇರಿಯಲ್ಲಿಲ್ಲ,” ಎಂದರು.

“ಇರೋದಿಲ್ಲ,” ಎಂದರು ವೈಲ್. “ಅದು ನನ್ನ ಹತ್ತಿರ ಇದೆ.”

ಕಾರ್ಯದರ್ಶಿ ಕ್ಷಮೆ ಕೇಳಲಿಲ್ಲ. ಕಾಗದವನ್ನು ನಾಲ್ಕಾಗಿ ಮಡಿಚಿ ಕೋಟಿನ ಒಳಜೇಬಿಗಿಟ್ಟುಕೊಂಡು ಹೋದರು.

ಪ್ರತಿಗಳು ಮುಗಿದವು. ಇನ್ನು ಮನೆಗೆ ಹೋಗುವುದೆಂದುಕೊಂಡಿದ್ದೆ. ವೈಲ್ ಕೌಂಟರಿಗೆ ಹೋಗಿ ಮೂರು ಟಿಕೆಟ್ ತಂದರು. “ಆಟ ನೋಡದೆ ಹೋಗೋದುಂಟಾ?” ಎಂದರು. ಪಂದ್ಯ ಮುಗಿಯುವವರೆಗೂ ಎಡಬದಿಯ ಹುಡುಗನನ್ನು ಬೈಯುತ್ತಲೇ ಇದ್ದರು. ಅವನು ಚೆಂಡನ್ನು ಕಾಲಿನಲ್ಲೇ ಇಟ್ಟುಕೊಳ್ಳುತ್ತಾನೆ, ಪಾಸ್ ಕೊಡುವುದಿಲ್ಲ ಎಂಬುದು ಅವರ ದೂರು.

ಸೋಮವಾರ ಏಜೆನ್ಸಿ ನನ್ನ ಕಾಂಟ್ರಾಕ್ಟ್ ರದ್ದು ಮಾಡಿತು. ಹೇಳಲು ಫೋನ್ ಮಾಡಿದವನು ಪ್ರಭಾಕರನೇ. ಕೊನೆಯಲ್ಲಿ ತಗ್ಗಿದ ದನಿಯಲ್ಲಿ, “ಮೇಡಂ, ನಂಗೂ ಒಂದು ಕಾಪಿ ಕಳಿಸ್ತೀರಾ? ಆಫೀಸ್‌ಗೆ ಬೇಡ, ಮನೆಗೆ,” ಎಂದ. ಕಳಿಸಿದೆ. ಏಳು ತಿಂಗಳು ನನಗೆ ಸರಿಯಾದ ಕೆಲಸ ಸಿಗಲಿಲ್ಲ. ಪುಸ್ತಿಕೆಯನ್ನು ಯಾರೂ ತಿದ್ದಲಿಲ್ಲ. ಆದರೆ ಆ ಊರಿನ ಲೈಬ್ರರಿಯವರು ಪುಸ್ತಿಕೆಯ ತಮ್ಮ ಪ್ರತಿಗೆ ವೈಲ್ ಅವರ ಕಾಗದವನ್ನೂ ಹೊಲಿಸಿ ಇಟ್ಟರು. ಅಲ್ಲಿ ಒಂದನ್ನು ತೆಗೆದರೆ ಇನ್ನೊಂದನ್ನು ಓದದೆ ವಿಧಿಯಿಲ್ಲ.

ಆಮೇಲೆ ಹದಿನೆಂಟು ವರ್ಷ ಇದೇ ವೃತ್ತಿಯಲ್ಲಿದ್ದೆ. ಪದಕ್ಕೆ ಪದ ಸರಿಯಿದ್ದರೆ ನನ್ನ ಜವಾಬ್ದಾರಿ ಮುಗಿಯಿತು ಎಂಬ ನಂಬಿಕೆ ಆ ಅಕ್ಟೋಬರ್‌ಗೇ ಹೋಯಿತು. ಪ್ರತಿ ಭಾಷಾಂತರಕಾರರೂ ಪದಗಳ ಒಂದು ಸ್ವಂತ ನೋಟ್‌ಬುಕ್ ಇಟ್ಟುಕೊಂಡಿರುತ್ತಾರೆ. ನನ್ನದರಲ್ಲಿ ‘ಔಸ್‌ಗೆಶೀಡನ್’ ಎಂಬ ಪದದ ಮುಂದೆ ‘ಬಿಟ್ಟರು, ನಿವೃತ್ತರಾದರು’ ಎಂದು ಬರೆದಿದೆ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಇನ್ನೊಂದು ಸಾಲು ಸೇರಿಸಿದೆ: ‘ಹಾಗೆಂದು ಹೇಳುತ್ತಿರುವವರು ಯಾರು, ಕೇಳು.’